ಸಮಾಧಾನ ಆಯ್ತಾ?

ಟೈಲರಮ್ಮನಿಗೆ ಕೋಪ ಮೂಗಿನ ತುದಿಯಲ್ಲಿ, ಪ್ರೀತಿ ಅಂಗೈಯಲ್ಲಿ. ಎರಡನ್ನೂ ಹಿಡಿದಿಟ್ಟುಕೊಳ್ಳಲು ಆಕೆಗೆ ಬರುತ್ತಿರಲಿಲ್ಲ. ಅಂಗಿಗೆ ಗುಂಡಿ ಹಾಕಿಸಲು ಬಂದವರ ತೋಳನ್ನೂ ಗಿಡ್ಡ ಮಾಡಿ, "ಉದ್ದ ಇತ್ತು, ಸರಿ ಮಾಡಿದೀನಿ, ಅದಕ್ಕೆ ದುಡ್ಡು ಬೇಡ" ಎಂದು ಮಡಿಸಿ ಕೊಡುವ ಪೈಕಿ. ದುಡ್ಡು ಬೇಡ, ಸರಿ. ತೋಳು ಬೇಕಿತ್ತಲ್ಲ ಮಹಾತಾಯಿ ಎಂದು ಕೇಳುವ ಧೈರ್ಯ ಯಾರಿಗಿದೆ? ಇಂಥ ಉಪಕಾರಿಗಳಿಂದ ದೇವರೇ ಕಾಪಾಡಬೇಕು. ಈ ಸಲ ಆಕೆಯ ಉಪಕಾರಕ್ಕೆ ಸಿಕ್ಕಿಬಿದ್ದವಳು ಬೇರೆ ಯಾರೂ ಅಲ್ಲ, ಸ್ವಂತ ವಾರಗಿತ್ತಿ.

ಗಂಡನ ಅಣ್ಣನ ಹೆಂಡತಿ ಆಕೆ. ಚರ್ಚಿನ ಸಭೆಯವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಟೈಲರಮ್ಮ ಮಾತ್ರ ಅಕ್ಕ ಎನ್ನುತ್ತಿದ್ದಳು. ತಾಯಿಯಿಲ್ಲದ ಹುಡುಗಿ ಆ ಮನೆಗೆ ಸೊಸೆಯಾಗಿ ಬಂದಾಗ ಒಲೆ ಹಚ್ಚುವುದರಿಂದ ಹಿಡಿದು ಮಗುವಿನ ಜ್ವರ ಇಳಿಸುವುದರವರೆಗೆ ಎಲ್ಲವನ್ನೂ ಬೈದು ಬೈದು ಕಲಿಸಿದ್ದು ಅಕ್ಕನೇ. ಹೆರಿಗೆ ನೋವಿನಲ್ಲಿ ಹಿಡಿದುಕೊಳ್ಳಲು ಸಿಕ್ಕಿದ್ದೂ ಅಕ್ಕನ ಕೈಯೇ. ಅಕ್ಕ ಎಂದರೆ ಟೈಲರಮ್ಮನಿಗೆ ತವರುಮನೆ ಇದ್ದ ಹಾಗೆ.

ದೊಡ್ಡಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ನಿವೃತ್ತಳಾದವಳು. ಮನೆಯಲ್ಲಿ ಕೂತರೆ ಮೈಗೆ ತುಕ್ಕು ಹಿಡಿಯುತ್ತದೆ ಎಂದು ಚರ್ಚಿನ ಹಿಂಬದಿಯ ಪುಟ್ಟ ಅಡುಗೆಕೋಣೆಗೆ ನುಗ್ಗಿ ಒಂದು ಕೆಲಸವನ್ನು ತನ್ನದಾಗಿಸಿಕೊಂಡಿದ್ದಳು. ಭಾನುವಾರ ಯೇಸುವಿನ ಕಡೆಯ ಊಟದ ನೆನಪಿಗೆ ಕರ್ತನ ಮೇಜಿನಿಂದ ದ್ರಾಕ್ಷಾರಸ ಹಂಚುವ ಗಾಜಿನ ಲೋಟಗಳಿವೆಯಲ್ಲ, ಹೆಬ್ಬೆರಳಿನಷ್ಟು ಎತ್ತರದವು, ಅವನ್ನು ತೊಳೆಯುವ ಕೆಲಸ. ಕೆಟಲಿನಲ್ಲಿ ನೀರು ಕಾಯಿಸಿ, ಸಿಂಕಿನಲ್ಲಿ ಹದ ಮಾಡಿ, ಒಂದೊಂದನ್ನೇ ಮುಳುಗಿಸಿ ಉಜ್ಜಿ, ಬಟ್ಟೆಯ ಮೂಲೆಯನ್ನು ತಿರುಚಿ ಒಳಗೆ ತೂರಿಸಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಟ್ಟೆಯ ತೂತುಗಳಲ್ಲಿ ಜೋಡಿಸುತ್ತಿದ್ದಳು. ಬೇರೆ ಯಾರಾದರೂ ಕೈ ಹಾಕಲು ಹೋದರೆ, "ನೀವು ಒಳಗೋಗಿ ಪ್ರಾರ್ಥನೆ ಮಾಡ್ಕೊಳ್ಳಿ, ನಾನು ಇಲ್ಲೇ ಮಾಡ್ತಿದೀನಿ" ಎನ್ನುತ್ತಿದ್ದಳು. ಅದು ತಮಾಷೆಯೋ ನಿಜವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಂದು ಶನಿವಾರ ಟೈಲರಮ್ಮ ಮೇಜಿನ ಬಿಳಿ ಬಟ್ಟೆಗೆ ಅಂಚು ಹೊಲಿದು ತಂದವಳು ಅಡುಗೆಕೋಣೆಗೆ ಇಣುಕಿದಳು. ಅಕ್ಕ ಸಿಂಕಿನ ಮುಂದೆ ನಿಂತು, ಕೈಯಲ್ಲಿ ಲೋಟ ಹಿಡಿದು, ತುಟಿ ಕಚ್ಚಿಕೊಂಡಿದ್ದಳು. ಬೆರಳಿನ ಗಂಟುಗಳು ಊದಿ ಕೆಂಪಗಾಗಿದ್ದವು. ಟೈಲರಮ್ಮನ ಕರುಳು ಚುರ್ ಎಂದಿತು. ಕೇಳಿದಳೇ? ಎಲ್ಲಿಯ ಕೇಳುವುದು! ನೇರ ಸಭೆಯ ಕಮಿಟಿಗೆ ಹೋಗಿ, "ಅಕ್ಕನ ಕೈಲಿ ಇನ್ನು ಆಗಲ್ಲ, ಒಂದ್ಸಲ ಬಳಸಿ ಬಿಸಾಕೋ ಪ್ಲಾಸ್ಟಿಕ್ ಲೋಟ ತಂದ್ಬಿಡೋಣ, ನಾನೇ ತರ್ತೀನಿ" ಎಂದಳು. ಕಮಿಟಿಯವರಿಗೇನು, ಬೇರೆಯವರು ತರುತ್ತಾರೆ ಎಂದರೆ ಎಲ್ಲಕ್ಕೂ ಹೂಂ. ಗಾಜಿನ ಲೋಟಗಳು ರಟ್ಟಿನ ಪೆಟ್ಟಿಗೆ ಸೇರಿ ಅಟ್ಟ ಹತ್ತಿದವು.

ಪಾಸ್ಟರ್ ಒಳ್ಳೆಯವರು, ಆದರೆ ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರರು. ಭಾನುವಾರ ವೇದಿಕೆಯಿಂದಲೇ, "ನಮ್ಮ ದೊಡ್ಡಮ್ಮನ ಕೈನೋವು ನೋಡಲಾರದೆ ಟೈಲರಮ್ಮ ಮಾಡಿದ ಈ ಪ್ರೀತಿಯ ಸೇವೆ" ಎಂದು ಹೊಗಳಿದರು. ಎಲ್ಲರೂ ತಿರುಗಿ ದೊಡ್ಡಮ್ಮನ ಕೈಯನ್ನೇ ನೋಡಿದರು. ಆಕೆ ಎರಡೂ ಕೈಗಳನ್ನು ಮೆಲ್ಲಗೆ ಚೀಲದ ಕೆಳಗೆ ಮುಚ್ಚಿಟ್ಟುಕೊಂಡಳು. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ, ಇಡೀ ಸಭೆ ಚಪ್ಪಲಿ ಹುಡುಕುತ್ತಿದ್ದಾಗ, ಟೈಲರಮ್ಮನ ಎದುರಿಗೆ ಬಂದು ನಿಂತಳು.

"ಈಗ ಸಮಾಧಾನ ಆಯ್ತಾ ನಿಂಗೆ?"

ಅಷ್ಟೇ. ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು, ತಿರುಗಿ ಕೂಗಬಹುದಿತ್ತು. ಟೈಲರಮ್ಮ ಬಾಯಿ ತೆರೆದು ನಿಂತಿದ್ದಂತೆಯೇ ಅಕ್ಕ ಮೆಟ್ಟಿಲು ಇಳಿದು ಹೋದಳು.

ಇಲ್ಲಿಗೆ ನಿಂತಿದ್ದರೆ ವಾರಗಿತ್ತಿಯರ ಜಗಳ, ವಾರದೊಳಗೆ ಸರಿಹೋಗುತ್ತಿತ್ತು. ಆದರೆ ಆ ಚರ್ಚಿನಲ್ಲಿ ಒಂದು ಪದ್ಧತಿ ಇತ್ತು. ಕರ್ತನ ಮೇಜಿಗೆ ಮುಂಚೆ ಎಲ್ಲರೂ ಎದ್ದು, ಅಕ್ಕಪಕ್ಕದವರ ಕೈ ಹಿಡಿದು, "ಸಮಾಧಾನ" ಎನ್ನಬೇಕು. ಕ್ರಿಸ್ತನ ಸಮಾಧಾನ ನಿನಗೂ ಇರಲಿ ಎಂದು ಅರ್ಥ. ಮನಸ್ಸಿನಲ್ಲಿ ಮುನಿಸಿಟ್ಟುಕೊಂಡು ಆ ಮೇಜಿಗೆ ಬರಬಾರದು ಎಂಬುದು ಅಲ್ಲಿಯವರ ನಂಬಿಕೆ. ಟೈಲರಮ್ಮ ವಾರವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಆ ಗಳಿಗೆಗಾಗಿಯೇ ಕಾದಳು. ಅಕ್ಕನ ಬಳಿ ಹೋಗುತ್ತೇನೆ, ಕೈ ಹಿಡಿಯುತ್ತೇನೆ, ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ, ಅಕ್ಕ ಕರಗುತ್ತಾಳೆ. ಲೆಕ್ಕಾಚಾರವೇನೋ ಚೆನ್ನಾಗಿಯೇ ಇತ್ತು.

ಆ ಭಾನುವಾರ ಆಕೆ ಬೆಂಚುಗಳ ಸಾಲು ದಾಟಿ, ಆಚೆ ಬದಿಯಲ್ಲಿ ಕೂತಿದ್ದ ಅಕ್ಕನ ಮುಂದೆ ಹೋಗಿ ನಿಂತಳು. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು.

"ಸಮಾಧಾನ, ಅಕ್ಕ!"

ಹಿಂದಿನ ವಾರದ ಪ್ರಶ್ನೆ ಉತ್ತರವಿಲ್ಲದೆ ಹಾಗೆಯೇ ನಿಂತಿತ್ತಲ್ಲ, ಅದಕ್ಕೆ ಇದು ಉತ್ತರವಾಗಿ ಹೋಗಿ ಬಿತ್ತು. ಸಮಾಧಾನ ಆಯ್ತಾ? ಹೂಂ, ಆಯ್ತು ಅಕ್ಕ! ಹಿಂದಿನ ಬೆಂಚಿನಲ್ಲಿ ಯಾರೋ ಪುಸಕ್ಕನೆ ನಕ್ಕರು. ನಕ್ಕವರು ಯಾರೆಂದು ಟೈಲರಮ್ಮನಿಗೆ ಇಂದಿಗೂ ಗೊತ್ತಿಲ್ಲ, ಗೊತ್ತಾದರೆ ಅವರ ಬಟ್ಟೆ ಅವಳ ಅಂಗಡಿಗೆ ಬಾರದಿದ್ದರೆ ಒಳ್ಳೆಯದು. ದೊಡ್ಡಮ್ಮನ ಮುಖ ಕಲ್ಲಾಯಿತು. ಹಿಡಿದ ಕೈಯನ್ನು ಬಿಡಿಸಿಕೊಂಡು ಕೂತಳು. ಆ ದಿನ ತಟ್ಟೆ ಬಂದಾಗ ಟೈಲರಮ್ಮ ತಾನೇ ತಂದ ಪ್ಲಾಸ್ಟಿಕ್ ಲೋಟವನ್ನು ಮುಟ್ಟದೆ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದಳು. ಅದರ ಮರುವಾರವೂ ಹಾಗೆಯೇ ಮಾಡಿದಳು.

ಮನೆಯಲ್ಲಿ ಗಂಡನ ಹತ್ತಿರ ಹೇಳಿಕೊಂಡಳು. ಆತ ಬಸ್ ಡ್ರೈವರ್. ಎದುರಿಗೆ ಲಾರಿ ಬಂದರೂ ಗಾಬರಿಯಾಗದ ಆಸಾಮಿ. ದಿನಾ ಬೆಳಿಗ್ಗೆ ಅಣ್ಣನ ಜೊತೆ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ.

"ಅಣ್ಣನ ಹತ್ರ ಮಾತಾಡ್ರೀ."

"ಮಾತಾಡ್ದೆ."

"ಏನಂದ್ರು?"

"ಚಹಾ ಬಿಸಿ ಇಲ್ಲ ಅಂದ."

ಗಂಡಸರನ್ನು ನಂಬಿದರೆ ಇಷ್ಟೇ ಎಂದುಕೊಂಡು ಅವಳೇ ಅಕ್ಕನ ಮನೆಗೆ ಹೋದಳು. ಬಾಗಿಲು ತೆರೆದದ್ದು ಅಕ್ಕನ ಸೊಸೆ. ಪಾಪದ ಹುಡುಗಿ, ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಅತ್ತೆ... ಅತ್ತೆ ಎಲ್ಲೋ ಹೋಗಿದಾರೆ, ಚಿಕ್ಕತ್ತೆ."

ಒಳಗಿನಿಂದ ಅತ್ತೆಯ ದನಿ ಕೇಳಿತು: "ಮಲಗಿದಾರೆ ಅನ್ನು ಅಂದ್ನಲ್ಲೇ!"

"ಮಲಗಿದಾರೆ," ಎಂದಳು ಸೊಸೆ, ನೆಲ ನೋಡುತ್ತಾ.

ಬೇರೆ ದಿನವಾಗಿದ್ದರೆ ಟೈಲರಮ್ಮ ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಅಂದು ಬೀದಿಯ ತಿರುವಿನವರೆಗೂ ಅಳುತ್ತಲೇ ಹೋದಳು.

ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಪಾಸ್ಟರ್ ಬಂದರು, ಕೈಯಲ್ಲಿ ಹರಿದ ಪ್ಯಾಂಟು, ಮುಖದಲ್ಲಿ ಬೇರೇನೋ. ಪ್ಯಾಂಟನ್ನು ಮೇಜಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದರು.

"ದೊಡ್ಡಮ್ಮ ನಮ್ಮ ಸಭೆ ಬಿಡ್ತಾರಂತೆ, ಟೈಲರಮ್ಮ. ಊರಿನ ಆಚೆ ತುದಿಯ ಚರ್ಚಿಗೆ ಹೋಗ್ತಾರಂತೆ. ಬರೋ ಭಾನುವಾರ ಬೀಳ್ಕೊಡುಗೆ ಪ್ರಾರ್ಥನೆ ಮಾಡಿ ಅಂತ ಅವರೇ ಕೇಳಿದ್ರು."

ಅಕ್ಕ ಮಾತು ಬಿಟ್ಟರೆ ಸಹಿಸಬಹುದು. ಇಂದಲ್ಲ ನಾಳೆ ಒಂದೇ ಬಾಗಿಲಲ್ಲಿ ಎದುರಾಗುತ್ತಾರೆ, ಒಂದೇ ಹಾಡು ಹಾಡುತ್ತಾರೆ, ಎಲ್ಲೋ ಒಂದು ಕಡೆ ಬಾಯಿ ತಪ್ಪಿ ಮಾತು ಬಂದೇ ಬರುತ್ತದೆ. ಚರ್ಚನ್ನೇ ಬಿಟ್ಟುಹೋದರೆ? ತಾನು ಪ್ರೀತಿ ಮಾಡಲು ಹೋಗಿ ಅಕ್ಕನನ್ನು ದೇವರ ಮನೆಯಿಂದಲೇ ಹೊರಗೆ ಕಳಿಸಿದ ಹಾಗಾಯಿತಲ್ಲ! ಆ ಪಾಪವನ್ನು ಹೊತ್ತುಕೊಂಡು ಯಾವ ಮುಖದಲ್ಲಿ ಪ್ರಾರ್ಥನೆಗೆ ಕೂರುವುದು?

"ನಾನು ಹೋಗಿ ಕಾಲು ಹಿಡ್ಕೊತೀನಿ ಪಾಸ್ಟರೇ. ಎಲ್ಲಾ ಬಿಡಿಸಿ ಹೇಳ್ತೀನಿ..."

"ಹೇಳೋದು ಬೇಡ," ಎಂದರು ಪಾಸ್ಟರ್. "ನೀನು ಹೇಳಿ ಕೆಡಿಸ್ದೆ, ನಾನು ವೇದಿಕೆ ಮೇಲೆ ಹೇಳಿ ಇನ್ನೂ ಕೆಡಿಸ್ದೆ. ನನ್ನ ತಪ್ಪಿಗೆ ನಾನು ಹೋಗಿ ಕ್ಷಮೆ ಕೇಳ್ದೆ. ನಂಗೆ ಚಹಾ ಕೊಟ್ರು, ಕ್ಷಮೆ ಕೊಟ್ರೋ ಇಲ್ವೋ ಗೊತ್ತಾಗ್ಲಿಲ್ಲ. ನಮ್ಮಿಬ್ಬರ ಬಾಯಿಗೂ ಸ್ವಲ್ಪ ರಜಾ ಇರಲಿ. ಕೈಯಲ್ಲಿ ಏನಾದ್ರೂ ಮಾಡೋಕಾಗುತ್ತಾ ನೋಡು." ಎಂದು ಜೇಬಿನಿಂದ ಚರ್ಚಿನ ಅಡುಗೆಕೋಣೆಯ ಬೀಗದಕೈ ತೆಗೆದು ಹರಿದ ಪ್ಯಾಂಟಿನ ಪಕ್ಕದಲ್ಲಿಟ್ಟರು.

ಶನಿವಾರ ಮಧ್ಯಾಹ್ನ ಟೈಲರಮ್ಮ ಅಂಗಡಿ ಮುಚ್ಚಿ ಚರ್ಚಿಗೆ ಹೋದಳು. ಸ್ಟೂಲು ಹತ್ತಿ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಲೋಟಗಳ ಮೇಲೆ ತೆಳ್ಳಗೆ ಧೂಳು ಕೂತಿತ್ತು. ಅಕ್ಕ ಹೋಗುವುದೇ ಆದರೂ ಕೊನೆಯ ಭಾನುವಾರ ಅವಳ ಕೈಗೆ ಅವಳ ಲೋಟವೇ ಬರಲಿ, ಪ್ಲಾಸ್ಟಿಕ್ ಬೇಡ. ಅಷ್ಟೇ ಆಕೆಯ ಯೋಚನೆ. ಕೆಟಲಿನಲ್ಲಿ ನೀರು ಕುದಿಯಿತು. ಹದ ಮಾಡುವ ತಾಳ್ಮೆ ಯಾರಿಗಿದೆ? ಸಿಂಕಿನಲ್ಲಿ ಲೋಟಗಳನ್ನು ರಾಶಿ ಹಾಕಿ ಮೇಲಿನಿಂದ ಕುದಿಯುವ ನೀರು ಸುರಿದಳು. ಟಪ್ ಎಂದು ಒಂದು ಲೋಟ ಸೀಳಿತು.

"ಈ ಕೆಟಲಿಗೆ ಯಾರಾದ್ರೂ ಬುದ್ಧಿ ಹೇಳ್ಬಾರ್ದಾ," ಎಂಬ ದನಿ ಬಾಗಿಲಿನಿಂದ ಬಂತು. "ತಣ್ಣಗಿರೋ ಗಾಜಿನ ಮೇಲೆ ಕುದಿಯೋ ನೀರು ಹುಯ್ತಾರಾ?"

ಅಕ್ಕ! ತನ್ನ ಏಪ್ರನ್ನನ್ನೂ ಕೆಟಲನ್ನೂ ತೆಗೆದುಕೊಂಡು ಹೋಗಲು ಬಂದಿದ್ದಳು. ಅವೆರಡೂ ಅವಳದೇ ಸಾಮಾನು. ಟೈಲರಮ್ಮನ ಕಡೆ ನೋಡಲಿಲ್ಲ, ಮಾತೆಲ್ಲ ಕೆಟಲಿಗೆ.

ಟೈಲರಮ್ಮ ನಲ್ಲಿಯ ಕಡೆ ತಿರುಗಿ ಹೇಳಿದಳು: "ಕೆಟಲಿಗೆ ಏನು ಗೊತ್ತು, ಕಲಿಸೋರು ಮನೇಲಿ ಮಲಗಿದ್ರಂತೆ."

"ಮಲಗೋರು ಮಲಗ್ತಾರೆ. ಕೈಲಾಗದೋರು ಇನ್ನೇನು ಮಾಡ್ತಾರೆ ಅಂತ ಕೇಳು."

ಕೆಟಲಿಗೂ ನಲ್ಲಿಗೂ ಆ ಮಧ್ಯಾಹ್ನ ಇದ್ದಷ್ಟು ಗೌರವ ಯಾವತ್ತೂ ಇರಲಿಲ್ಲ. ಟೈಲರಮ್ಮ ಲೋಟಗಳನ್ನು ಬೇಗ ಬೇಗ ತೊಳೆಯತೊಡಗಿದಳು. ಕಣ್ಣು ಮಂಜಾಗಿತ್ತು, ಸೋಪಿನ ಕೈ ಜಾರುತ್ತಿತ್ತು. ಒಂದು ಲೋಟ ಬೆರಳಿನಿಂದ ಚಿಮ್ಮಿ ಗಾಳಿಗೆ ಹಾರಿತು; ಹಿಡಿಯಲು ಹೋದವಳ ಮೊಣಕೈ ತಟ್ಟೆಗೆ ತಗುಲಿ ತಟ್ಟೆ ಅರ್ಧ ಮೇಜಿನ ಆಚೆ ವಾಲಿತು.

"ಸಮಾಧಾನ! ಸಮಾಧಾನ ಕಣೇ! ಎಲ್ಲಾ ಒಡೆದು ಹಾಕ್ತೀಯಾ!" ಎಂದು ಕೂಗುತ್ತಾ ದೊಡ್ಡಮ್ಮ ನುಗ್ಗಿ ಎರಡೂ ಕೈಗಳಿಂದ ತಟ್ಟೆಯನ್ನು ಹಿಡಿದುಕೊಂಡಳು.

ನಿಧಾನ, ಅವಸರ ಬೇಡ ಎನ್ನುವ ಸಮಾಧಾನ ಅದು. ಮಕ್ಕಳಿಗೆ, ಓಡುವವರಿಗೆ, ಮೆಟ್ಟಿಲಲ್ಲಿ ಜಾರುವವರಿಗೆ ಎಲ್ಲರೂ ಹೇಳುವಂಥದ್ದು. ಆದರೆ ಮಾತು ಹೊರಗೆ ಬಿದ್ದ ಮೇಲೆ ಇಬ್ಬರಿಗೂ ಕೇಳಿಸಿತು. ಇಬ್ಬರೂ ತಟ್ಟೆಯ ಎರಡು ಬದಿ ಹಿಡಿದು ನಿಂತರು. ಮೊದಲು ದೊಡ್ಡಮ್ಮನ ತುಟಿಯ ಮೂಲೆ ಅಲುಗಿತು. ಟೈಲರಮ್ಮನಿಗೆ ನಗು ಬಂತು ಎಂದುಕೊಂಡರೆ ಬಂದದ್ದು ಅಳು, ಅದೂ ಗೊಳೋ ಎಂದು.

"ನಾನು ಕುಹಕ ಆಡಿದ್ದಲ್ಲ ಅಕ್ಕ. ದೇವರಾಣೆ ಅಲ್ಲ. ಚರ್ಚಲ್ಲಿ ಹೇಳೋ ಹಾಗೇ ಹೇಳಿದ್ದು. ಬಾಯಿಂದ ಬರೋವಾಗ ಅದು ಹಂಗಾಯ್ತು."

"ಆಣೆಗೀಣೆ ಇಡ್ಬೇಡ, ಚರ್ಚಲ್ಲಿದೀಯ," ಎಂದಳು ದೊಡ್ಡಮ್ಮ. ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿ ಮುಂದುವರಿಸಿದಳು, "ನಂಗೂ ಆಮೇಲೆ ಅನ್ನಿಸ್ತು, ಇವಳಿಗೆ ಅಷ್ಟು ಚೆನ್ನಾಗಿ ಕುಹಕ ಆಡೋಕೆ ಬರಲ್ಲ ಅಂತ. ಆದ್ರೆ ಆ ಲೋಟ? ಅದನ್ಯಾಕೆ ಕಿತ್ಕೊಂಡೆ ನನ್ನಿಂದ?"

"ನಿನ್ನ ಬೆರಳು ನೋಡಿದೀಯಾ? ಇಲ್ಲಿ ನಿಂತು ತುಟಿ ಕಚ್ಕೊಂಡು ನೋವು ನುಂಗ್ತಿದ್ದೆ. ತೊಳೆಯೋಕೆ ಕಷ್ಟ ಆಗ್ತಿದೆ ಅಂತ ನಾನು..."

"ಯಾರು ಹೇಳಿದ್ರು ನಿಂಗೆ ತೊಳೆಯೋಕೆ ಕಷ್ಟ ಅಂತ?" ದೊಡ್ಡಮ್ಮ ತೋಳು ಮೇಲೆ ಮಾಡಿ, ತಣ್ಣೀರು ಬೆರೆಸಿ ಹದ ಮಾಡಿ, ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಸಿಂಕಿನೊಳಗೆ ಇಳಿಸಿದಳು. ಕಣ್ಣು ತಾನಾಗಿ ಮುಚ್ಚಿತು. "ವಾರಕ್ಕೊಂದ್ಸಲ ಈ ಬಿಸಿನೀರಲ್ಲಿ ಕೈ ಇಟ್ಟಾಗಲೇ ಕಣೇ ನನ್ನ ಬೆರಳು ಸುಮ್ನಿರೋದು. ಮನೇಲಿ ಸೊಸೆ ಪಾತ್ರೆ ಮುಟ್ಟೋಕೆ ಬಿಡಲ್ಲ, ಒಳ್ಳೇ ಹುಡುಗಿ, ನಿನ್ನಷ್ಟೇ ಒಳ್ಳೇಳು, ಅದೇ ಗ್ರಹಚಾರ. ನಂಗೆ ಅಂತ ಇದ್ದಿದ್ದು ಈ ಒಂದು ಸಿಂಕು. ಇಲ್ಲಿ ನಿಂತ್ರೆ ಇನ್ನೂ ಯಾರಿಗೋ ಬೇಕಾಗಿದೀನಿ ಅನ್ನಿಸ್ತಿತ್ತು."

"ಮತ್ತೆ ಅವತ್ತು ನೋವು..."

"ಅದು ಒರೆಸೋವಾಗ! ಬಟ್ಟೆ ತಿರುಚಿ ಒಳಗೆ ತೂರಿಸ್ಬೇಕಲ್ಲ, ಅದು ಮಾತ್ರ ಪ್ರಾಣ ಹೋಗುತ್ತೆ. ಕೇಳಿದ್ರೆ ಹೇಳ್ತಿದ್ದೆ. ನೀನು ಕೇಳಿದ್ದು ಯಾರನ್ನ? ಕಮಿಟೀನ! ನನ್ನ ಕೈ ಕತೆ ನಂಗಿಂತ ಮುಂಚೆ ಕಮಿಟಿಗೆ ಗೊತ್ತಾಯ್ತು."

ಟೈಲರಮ್ಮನಿಗೆ ತಲೆಯ ಮೇಲೆ ಯಾರೋ ತಣ್ಣೀರು ಸುರಿದ ಹಾಗಾಯಿತು. ನೋವು ಕೊಡುತ್ತಿದ್ದ ಬಟ್ಟೆ ಇನ್ನೂ ಮೊಳೆಗೆ ನೇತಾಡುತ್ತಿದೆ. ನೋವು ಕಳೆಯುತ್ತಿದ್ದ ನೀರನ್ನು ತಾನು ಕಿತ್ತುಕೊಂಡಿದ್ದಾಳೆ. ಗುಂಡಿ ಹಾಕು ಎಂದರೆ ತೋಳು ಕತ್ತರಿಸುವ ಬುದ್ಧಿ! ಆಕೆ ಅಕ್ಕನ ಹೆಗಲಿಗೆ ಹಣೆ ಹಚ್ಚಿ, "ತಪ್ಪಾಯ್ತು ಅಕ್ಕ. ಕೇಳಬೇಕಿತ್ತು" ಎಂದಳು.

"ಹೂಂ. ಮೂಗು ಒರೆಸ್ಕೊ, ಲೋಟಕ್ಕೆ ಬೀಳುತ್ತೆ."

ಅಕ್ಕ ತೊಳೆದು ತೊಳೆದು ಕೊಟ್ಟಳು, ಟೈಲರಮ್ಮ ಅಂಗಡಿಯಿಂದ ತಂದಿದ್ದ ಹತ್ತಿ ಬಟ್ಟೆಯ ತುಂಡಿನಿಂದ ಒರೆಸಿ ಒರೆಸಿ ಇಟ್ಟಳು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಲೋಟಗಳು ಸಾಲಾಗಿ ನಿಂತವು. ಕೆಲಸ ಮುಗಿದಾಗ ಟೈಲರಮ್ಮ ಧೈರ್ಯ ಮಾಡಿ ಕೇಳಿಯೇಬಿಟ್ಟಳು: "ಅಕ್ಕ, ನಾಳೆ... ನೀನು ಹೋಗ್ತೀಯಾ?"

ದೊಡ್ಡಮ್ಮ ಕೈ ಒರೆಸಿಕೊಂಡು, "ಅಲ್ಲಿಯವರಿಗೆ ಬರ್ತೀನಿ ಅಂತ ಮಾತು ಕೊಟ್ಟಾಗಿದೆ" ಎಂದಳು. ಮಾತಿಗೆ ತಪ್ಪುವ ಹೆಂಗಸಲ್ಲ ಅವಳು, ಅದು ಟೈಲರಮ್ಮನಿಗೆ ಚೆನ್ನಾಗಿ ಗೊತ್ತು. ಕೆಟಲನ್ನು ಚೀಲಕ್ಕೆ ಹಾಕಿಕೊಂಡೇ ಅಕ್ಕ ಹೊರಟಳು.

ಭಾನುವಾರ ದೊಡ್ಡಮ್ಮ ಬಂದು ಟೈಲರಮ್ಮನ ಬೆಂಚಿನಲ್ಲೇ, ಪಕ್ಕದಲ್ಲೇ ಕೂತಳು. ಹಿಂದಿನ ಸಾಲಿನಲ್ಲಿ ಪಿಸುಪಿಸು ಎದ್ದಿತು. ಪಾಸ್ಟರ್ ಬೈಬಲಿನೊಳಗೆ ಒಂದು ಚೀಟಿ ಇಟ್ಟುಕೊಂಡಿದ್ದರು. ಬೀಳ್ಕೊಡುಗೆಯ ಪ್ರಾರ್ಥನೆ ಇರಬೇಕು. ಆ ಚೀಟಿಯ ಬಿಳಿ ತುದಿ ಕಂಡಾಗೆಲ್ಲ ಟೈಲರಮ್ಮ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು. ಒಂದಾದದ್ದೇನೋ ನಿಜ, ಆದರೆ ಒಂದಾಗಿ ಬೀಳ್ಕೊಡುವುದು ಇನ್ನೂ ಕಷ್ಟ.

ಎಲ್ಲರೂ ಎದ್ದು ಕೈ ಹಿಡಿಯುವ ಗಳಿಗೆ ಬಂತು. ಇಡೀ ಸಭೆಯ ಕಿವಿ ಈ ಬೆಂಚಿನ ಮೇಲೆ. ದೊಡ್ಡಮ್ಮ ಟೈಲರಮ್ಮನ ಎರಡೂ ಕೈಗಳನ್ನು ತನ್ನ ಗಂಟುಬೆರಳುಗಳಲ್ಲಿ ಹಿಡಿದು, "ಬಾಯಿ ಮುಚ್ಕೊಂಡಿರು, ಗೊತ್ತಾಯ್ತು" ಎಂದಳು. ಪಾಸ್ಟರ್ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡರು.

ತಟ್ಟೆ ಸಾಲಿನಿಂದ ಸಾಲಿಗೆ ಬಂತು. ಟೈಲರಮ್ಮ ಈ ಸಲ ಲೋಟ ತೆಗೆದುಕೊಂಡಳು. ಬೆರಳುಗಳ ನಡುವೆ ಅದು ತಂಪಾಗಿ, ತೂಕವಾಗಿ ಇತ್ತು. ಎಲ್ಲರೂ ಒಟ್ಟಿಗೆ ಕುಡಿಯಬೇಕು. ಪಾಸ್ಟರ್ ಹೇಳುವವರೆಗೆ ಕಾಯಬೇಕು. ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ದೊಡ್ಡಮ್ಮ ಅಭ್ಯಾಸಬಲದಿಂದ ತನ್ನ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದಳು, ಕಣ್ಣು ಕಿರಿದು ಮಾಡಿದಳು. ಕೆಂಪು ರಸದೊಳಗೆ ಒಂದು ನೀಲಿ ನೂಲಿನ ಎಳೆ ಹಾಯಾಗಿ ತೇಲುತ್ತಿತ್ತು. ಆಕೆ ಅದನ್ನು ಉಗುರಿನ ತುದಿಯಿಂದ ಎತ್ತಿ, ಟೈಲರಮ್ಮನ ಮೂಗಿನ ಮುಂದೆ ಹಿಡಿದಳು.

"ಏನೇ ಇದು? ಕರ್ತನ ಮೇಜಿಗೂ ಹೊಲಿಗೆ ಹಾಕಿದೀಯಾ?" ಪಿಸುಮಾತೆಂದು ಅವಳೇನೋ ಅಂದುಕೊಂಡಳು, ಆಸ್ಪತ್ರೆಯ ವಾರ್ಡಿನಲ್ಲಿ ಪಳಗಿದ ಗಂಟಲು, ಬಾಗಿಲಿನವರೆಗೂ ಕೇಳಿಸಿತು. "ನಿನ್ನ ಅಂಗಡಿ ಚಿಂದಿ ತರಬೇಡ ಇನ್ನು. ಮುಂದಿನ ವಾರ ಒರೆಸೋ ಬಟ್ಟೆ ನಾನು ತರ್ತೀನಿ."

ಮುಂದಿನ ವಾರ. ಟೈಲರಮ್ಮನಿಗೆ ಬೈಗುಳ ಕೇಳಿಸಲೇ ಇಲ್ಲ, ಆ ಎರಡು ಮಾತು ಮಾತ್ರ ಕೇಳಿಸಿತು. "ಮತ್ತೆ ಅಲ್ಲಿಯವರಿಗೆ ಮಾತು ಕೊಟ್ಟಿದ್ದು?" ಎಂದು ಉಸಿರಿನಲ್ಲೇ ಕೇಳಿದಳು.

"ಬೆಳಿಗ್ಗೆನೇ ಹೋಗಿ ವಾಪಸ್ ತಗೊಂಡು ಬಂದೆ. ಅಲ್ಲಿ ಪ್ಲಾಸ್ಟಿಕ್ ಲೋಟ ಕಣೇ. ಈಗ ಸುಮ್ನೆ ಮುಂದೆ ನೋಡು."

ಟೈಲರಮ್ಮ ಮುಂದೆ ನೋಡಿದಳು. ಪಾಸ್ಟರ್ ಬೈಬಲಿನಿಂದ ಚೀಟಿ ಹೊರತೆಗೆದು ಅಂಗಿಯ ಜೇಬಿಗೆ ತುರುಕಿ, ಕುಡಿಯಿರಿ ಎಂದು ಕೈ ಎತ್ತಿದರು. ಆಕೆ ಕಣ್ಣು ಮುಚ್ಚಿ ಲೋಟವನ್ನು ಬಾಯಿಗಿಟ್ಟಳು. ಅದರಲ್ಲೂ ಒಂದು ನೂಲಿತ್ತು; ಅದನ್ನೂ ಸೇರಿಸಿಯೇ ಸಂತೋಷದಿಂದ ನುಂಗಿದಳು.